ಶಾಸನಗಳೂ ಸಂಬಂಧಾತ್ಮಕ ದತ್ತಾಂಶಕೋಶವೂ: ರಾಮನಗರ ಸೀಮೆಯನ್ನು ಕುರಿತ ಒಂದು ವಿಮರ್ಶೆ

೧

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಹೊರಬಂದಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿ ಸೇರಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಸುತ್ತಣ ಸೀಮೆಯ ಪೂರ್ವಚರಿತ್ರೆಯನ್ನು ಅಭ್ಯಸಿಸುವವರಿಗೆ ಇಂದಿಗೂ ಆ ಸಂಪುಟವೇ ಮೊದಲ ಆಕರ. ಈಚೆಗೆ ಅದರಲ್ಲಿನ ವಿಷಯಗಳನ್ನು ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಿಗಾಗಿ ಗಣಕಯಂತ್ರಕ್ಕೆ ಏರಿಸುವ ಪದ್ಧತಿಯು ನಮ್ಮ ಕಾಲೇಜುಗಳಲ್ಲಿ ಬಳಕೆಗೆ ಬಂದಿದೆ. ಪದ್ಧತಿಯೇನೋ ಸ್ವಾಗತಾರ್ಹವಾದುದೇ. ಆದರೆ ಯಾವ ಬಗೆಯಲ್ಲಿ ಏರಿಸಬೇಕು, ಹಾಗೆ ಏರಿಸುವುದರಿಂದ ಶಾಸನದ ಸಾಕ್ಷ್ಯಕ್ಕೆ ಏನು ಸಂಭವಿಸುತ್ತದೆ ಎಂಬುದನ್ನು ವಿಚಾರಿಸಿದವರು ವಿರಳ. ಬಹುತೇಕ ಎಲ್ಲರೂ ಎಕ್ಸೆಲ್ಲಿನ ಒಂದೇ ಹಾಳೆಯನ್ನು ತೆರೆದು ಅಡ್ಡಸಾಲಿಗೊಂದು ಶಾಸನದಂತೆ ತುಂಬುತ್ತಾ ಹೋಗುತ್ತಾರೆ.

ಪ್ರಕೃತ ಲೇಖನವು ಆ ಪದ್ಧತಿಯ ದೋಷಗಳನ್ನು ಪರಿಶೀಲಿಸಿ, ಅದಕ್ಕೆ ಪ್ರತಿಯಾಗಿ ಸಂಬಂಧಾತ್ಮಕ ದತ್ತಾಂಶಕೋಶವನ್ನು, ಎಂದರೆ ರಿಲೇಶನಲ್ ಡೇಟಾಬೇಸನ್ನು, ಆಜ್ಞಾಪಂಕ್ತಿಯಿಂದ ಹೊಸದಾಗಿ ಸೃಷ್ಟಿಸುವ ಕ್ರಮವನ್ನು ಇತಿಹಾಸಕಾರನ ದೃಷ್ಟಿಯಿಂದ ವಿಮರ್ಶಿಸುತ್ತದೆ. ಆಜ್ಞಾಪಂಕ್ತಿಯೆಂದರೆ ಕಮಾಂಡ್ ಲೈನ್. ಚಿತ್ರಗಳನ್ನು ಒತ್ತುವುದಕ್ಕೆ ಬದಲಾಗಿ ಯಂತ್ರಕ್ಕೆ ಮಾಡಬೇಕಾದುದನ್ನು ಅಕ್ಷರಗಳಲ್ಲಿ ಬರೆದು ಆಜ್ಞಾಪಿಸುವ ವಿಧಾನ. ಇಂತಹ ಕೋಶದ ಸೃಷ್ಟಿಯನ್ನು ಯಂತ್ರಜ್ಞರ ಕೆಲಸವೆಂದು ನಾವು ಇದುವರೆಗೆ ಬಗೆದಿದ್ದೇವೆ. ವಾಸ್ತವದಲ್ಲಿ ಅದು ಗ್ರಂಥಸಂಪಾದನೆಯ ಮೊದಲ ಅಧ್ಯಾಯ. ಅದನ್ನು ಇತಿಹಾಸದ ಅಧ್ಯಾಪಕನೇ ಬರೆಯಬೇಕು ಎಂಬುದು ಈ ಲೇಖನದ ಪ್ರತಿಪಾದ್ಯ.

೨

ಮೊದಲು ರೈಸ್ ಅವರ ಕ್ರಮವನ್ನು ನೋಡೋಣ. ಅವರು ಶಾಸನಗಳನ್ನು ತಾಲೂಕುವಾರು ವಿಂಗಡಿಸಿ, ಪ್ರತಿಯೊಂದು ತಾಲೂಕಿಗೂ ಒಂದರಿಂದ ಆರಂಭವಾಗುವ ಸಂಖ್ಯೆಗಳನ್ನು ಕೊಟ್ಟರು. ಕಾಲಾನುಕ್ರಮದ ಪಟ್ಟಿ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಇವುಗಳನ್ನು ಬೇರೆಬೇರೆ ಭಾಗಗಳಲ್ಲಿಟ್ಟರು. ಓದುಗನು ತಾಲೂಕಿನ ಹೆಸರನ್ನೂ ಸಂಖ್ಯೆಯನ್ನೂ ಹಿಡಿದು ಒಂದು ಭಾಗದಿಂದ ಮತ್ತೊಂದು ಭಾಗಕ್ಕೆ ಹೋಗಬಹುದು. ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಗುರುತಿನ ಮೂಲಕ ಇತರ ಸಂಗತಿಗಳೊಡನೆ ಕೂಡಿಸುವ ಈ ಉಪಾಯವು ಮುಂದೆ ಹೇಳಲಿರುವ ಸಂಬಂಧಾತ್ಮಕ ತತ್ತ್ವಕ್ಕೆ ತೀರ ಸಮೀಪವಾದುದು. ಮುದ್ರಿತ ಪುಟದ ಮಿತಿಯೊಳಗೆ ಅಷ್ಟನ್ನು ಸಾಧಿಸಿದುದು ಅಸಾಧಾರಣವೆಂದು ಒಪ್ಪಲೇಬೇಕು.

ಆದರೆ ಆ ಗುರುತು ನಿಂತಿರುವುದು ತಾಲೂಕಿನ ಹೆಸರಿನ ಮೇಲೆ, ಹೆಸರಾದರೋ ಸ್ಥಿರವಲ್ಲ. ಸಂಪುಟದಲ್ಲಿ ಕಾನಕಾನಹಳ್ಳಿಯೆಂದಿರುವುದು ಇಂದಿನ ಕನಕಪುರ. ಇಂದಿನ ರಾಮನಗರವು ಆಗ ಕ್ಲೋಸ್‌ಪೇಟೆ. ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ಹೆಸರನ್ನು ಹೊತ್ತು, ಚನ್ನಪಟ್ಟಣ ತಾಲೂಕಿಗೆ ಅಧೀನವಾದ ಉಪತಾಲೂಕಾಗಿದ್ದಿತು. ಆದಕಾರಣ ರಾಮನಗರ ತಾಲೂಕೆಂಬ ಶೀರ್ಷಿಕೆಯೇ ಆ ಸಂಪುಟದಲ್ಲಿಲ್ಲ. ಅಲ್ಲಿನ ಹಳ್ಳಿಗಳನ್ನು ಬೇರೆ ಶೀರ್ಷಿಕೆಗಳ ಕೆಳಗೆ ಹುಡುಕಬೇಕು. ಊರು ಹೆಸರನ್ನು ಬಿಟ್ಟರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ಈ ಸೀಮೆಯ ಬಂಡೆಯನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಜಿಲ್ಲೆಯ ಸ್ಥಿತಿಯೂ ಹೀಗೆಯೇ. ೧೯೮೬ರಲ್ಲಿ ಈ ತಾಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದುವು. ೨೦೦೭ರಲ್ಲಿ ರಾಮನಗರ ಜಿಲ್ಲೆಯು ಪ್ರತ್ಯೇಕವಾಯಿತು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ರಾಜ್ಯದ ಸಚಿವಸಂಪುಟವು ಒಪ್ಪಿಗೆಯಿತ್ತಿತು. ಈ ನಡುವೆ ಹಾರೋಹಳ್ಳಿಯು ಕನಕಪುರದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾಗಿದೆ. ಕಲ್ಲು ಒಂದೇ ಕಡೆ ನಿಂತಿರಲು ಅದರ ವಿಳಾಸವು ನಾಲ್ಕೈದು ಬಾರಿ ಬದಲಾಯಿತು.

ಸಂಖ್ಯೆಯೂ ಸ್ಥಿರವಲ್ಲವೆಂಬುದಕ್ಕೆ ಶ್ರವಣಬೆಳಗೊಳದ ಸಂಪುಟವೇ ಸಾಕ್ಷಿ. ೧೮೮೯ರ ರೈಸ್ ಅವರ ಆವೃತ್ತಿಯಲ್ಲಿ ೧೪೪ ಶಾಸನಗಳಿದ್ದುವು. ಆರ್. ನರಸಿಂಹಾಚಾರ್ಯರ ೧೯೨೩ರ ಪರಿಷ್ಕರಣದಲ್ಲಿ ಅವು ೫೦೦ ಆದುವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩ ಆದುವು. ಒಂದೇ ಶಾಸನಕ್ಕೆ ಮೂರು ಆವೃತ್ತಿಗಳಲ್ಲಿ ಮೂರು ಸಂಖ್ಯೆಗಳಿರುವಾಗ, ಆವೃತ್ತಿಯನ್ನು ಹೇಳದೆ ಸಂಖ್ಯೆಯೊಂದನ್ನೇ ಉದ್ಧರಿಸಿದ ಲೇಖನವು ಓದುಗನನ್ನು ಬೇರೊಂದು ಕಲ್ಲಿನ ಮುಂದೆ ನಿಲ್ಲಿಸುತ್ತದೆ.

೩

ಒಂದೇ ಹಾಳೆಯ ಪದ್ಧತಿಯು ಈ ತೊಡಕುಗಳನ್ನು ಪರಿಹರಿಸುವುದಿಲ್ಲ. ಮತ್ತಷ್ಟು ಹೊಸ ತೊಡಕುಗಳನ್ನು ತರುತ್ತದೆ. ಕೋಡಿಹಳ್ಳಿ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಕನಕಪುರ ಸೀಮೆಯಲ್ಲಿ ಕೋಡಿಹಳ್ಳಿಯೆಂಬ ಹೋಬಳಿಯುಂಟು. ಬೆಂಗಳೂರು ನಗರದೊಳಗೂ ಒಂದು ಕೋಡಿಹಳ್ಳಿಯುಂಟು. ಹಾಳೆಯಲ್ಲಿ ಹೆಸರೊಂದೇ ಇದ್ದರೆ ಎರಡು ಊರುಗಳು ಒಂದಾಗುತ್ತವೆ. ಇದಕ್ಕೆ ವಿರುದ್ಧವಾಗಿ ‘ಕಾನಕಾನಹಳ್ಳಿ’, ‘ಕನಕಪುರ’ ಎಂದು ಬರೆದಲ್ಲಿ ಒಂದೇ ಊರು ಎರಡಾಗುತ್ತದೆ. ವ್ಯಕ್ತಿಗಳ ವಿಷಯದಲ್ಲಿ ಅಪಾಯವು ಇನ್ನೂ ಹೆಚ್ಚು. ಬೆಂಗಳೂರನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡರಲ್ಲದೆ, ೧೬೩೮ರಲ್ಲಿ ಆ ನಗರವು ಬಿಜಾಪುರದವರ ವಶವಾದ ಮೇಲೆ ಮಾಗಡಿಯಿಂದ ಆಳಿದ ಅವರ ವಂಶೀಯರಲ್ಲಿಯೂ ಅದೇ ಹೆಸರಿನವರುಂಟು. ‘ಕೆಂಪೇಗೌಡ’ ಎಂದು ತುಂಬಿದ ಮನೆಗಳನ್ನು ಯಂತ್ರವು ಎಣಿಸಿ ಕೊಟ್ಟ ಮೊತ್ತವು ಯಾರ ದಾನಗಳ ಮೊತ್ತ?

ನನ್ನ ತರಗತಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ವಿದ್ಯಾರ್ಥಿಗಳು ಹಲವು ವಾರ ದುಡಿದು ತುಂಬಿದ್ದ ಹಾಳೆಯನ್ನು ಕಾಲಾನುಕ್ರಮದಲ್ಲಿ ಜೋಡಿಸಹೊರಟಾಗ, ಶಕವರ್ಷದ ಕಂಬಸಾಲೊಂದೇ ಸ್ಥಾನ ಬದಲಿಸಿ ಉಳಿದ ಕಂಬಸಾಲುಗಳು ಇದ್ದಲ್ಲಿಯೇ ಉಳಿದುವು. ಒಂದು ಶಾಸನದ ಕಾಲವು ಮತ್ತೊಂದು ಶಾಸನದ ಎದುರಿಗೆ ಬಂದು ನಿಂತಿತು. ಯಂತ್ರವು ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಹಾಳೆಯು ಮೊದಲಿನಷ್ಟೇ ಅಚ್ಚುಕಟ್ಟಾಗಿ ತೋರುತ್ತಿದ್ದಿತು. ತಪ್ಪು ತಿಳಿದುಬಂದದ್ದು ಬಹಳ ತಡವಾಗಿ. ಅದೂ ಒಬ್ಬ ವಿದ್ಯಾರ್ಥಿನಿಯು ತನ್ನ ಊರಿನ ಗುಡಿಯ ಮುಂದಣ ಶಾಸನದ ವರ್ಷವನ್ನು ಬಾಯಿಪಾಠವಾಗಿ ಬಲ್ಲವಳಾಗಿದ್ದುದರಿಂದ. ಮೇಲ್ವಿಚಾರಣೆಯ ಹೊಣೆ ನನ್ನದಾಗಿದ್ದಿತಾದ್ದರಿಂದ ತಪ್ಪೂ ನನ್ನದೇ. ಆ ಹಾಳೆಯನ್ನು ಬಿಟ್ಟು ಸಂಪುಟದಿಂದಲೇ ಮತ್ತೆ ಮೊದಲಾಗಬೇಕಾಯಿತು. ಈ ಲೇಖನದ ವಿಚಾರವು ಅಂದು ಹುಟ್ಟಿದುದು.

೪

ಸಂಬಂಧಾತ್ಮಕ ತತ್ತ್ವವನ್ನು ಮೊದಲು ಪ್ರತಿಪಾದಿಸಿದವರು ಐ.ಬಿ.ಎಂ. ಸಂಸ್ಥೆಯ ಇ. ಎಫ್. ಕಾಡ್ ಎಂಬ ವಿದ್ವಾಂಸರು. ಅವರ ಪ್ರಬಂಧವು ೧೯೭೦ರಲ್ಲಿ ಪ್ರಕಟವಾಯಿತು. ಅದರ ಸಾರವನ್ನು ನಮ್ಮ ಪಹಣಿಯ ನಿದರ್ಶನದಿಂದ ತಿಳಿಯಬಹುದು. ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಖಾತೆದಾರನ ಹೆಸರೂ, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರೂ ಇರುತ್ತದೆ. ಒಬ್ಬನಿಗೆ ಹಲವು ಸರ್ವೆ ನಂಬರುಗಳಿರಬಹುದು. ಒಂದು ಸರ್ವೆ ನಂಬರಿಗೆ ಹಲವರು ಬಾಧ್ಯರಿರಬಹುದು. ಪ್ರತಿಯೊಂದು ಪಹಣಿಯಲ್ಲಿಯೂ ಹೆಸರನ್ನು ಹೊಸದಾಗಿ ಬರೆಯುತ್ತ ಹೋದರೆ, ಒಂದು ಕಡೆ ‘ಸಿದ್ದೇಗೌಡ’ ಮತ್ತೊಂದು ಕಡೆ ‘ಸಿದ್ಧೇಗೌಡ’ ಎಂದಾಗಿ ಒಬ್ಬನೇ ರೈತನು ಇಬ್ಬರಾಗುತ್ತಾನೆ. ಅದರ ಫಲವಾಗಿ ತಾಲೂಕು ಕಚೇರಿಗೆ ಎಷ್ಟು ಸಲ ತಿರುಗಬೇಕಾಗುತ್ತದೆಂಬುದನ್ನು ಈ ಸೀಮೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಕಾಡ್ ಅವರ ತತ್ತ್ವದಂತೆ ವ್ಯಕ್ತಿಗಳದೊಂದು ಕೋಷ್ಟಕ, ಜಮೀನುಗಳದೊಂದು ಕೋಷ್ಟಕ, ಯಾರಿಗೆ ಯಾವುದು ಎಂಬ ಸಂಬಂಧದ್ದೊಂದು ಕೋಷ್ಟಕ ಎಂದು ಬೇರ್ಪಡಿಸಬೇಕು. ಪ್ರತಿಯೊಂದು ಸಾಲಿಗೂ ಹೆಸರನ್ನವಲಂಬಿಸದ ಗುರುತುಸಂಖ್ಯೆಯೊಂದಿರಬೇಕು. ಇದಕ್ಕೆ ಪ್ರಧಾನ ಕೀಲಿಯೆಂದು ಹೆಸರು. ಒಂದು ಕೋಷ್ಟಕವು ಮತ್ತೊಂದರ ಕೀಲಿಯನ್ನು ಉಲ್ಲೇಖಿಸಿದಾಗ ಅದನ್ನು ಅನ್ಯಕೀಲಿಯೆನ್ನೋಣ.

ಇದನ್ನು ಶಾಸನಗಳಿಗೆ ಅನ್ವಯಿಸಿದರೆ ಕನಿಷ್ಠಪಕ್ಷ ಆರು ಕೋಷ್ಟಕಗಳು ಬೇಕಾಗುತ್ತವೆ: ಸ್ಥಳ, ಸ್ಥಳನಾಮ, ಶಾಸನ, ಪ್ರಕಟಣೆ, ವ್ಯಕ್ತಿ, ಪಾತ್ರ. ಸ್ಥಳವು ನೆಲದ ಮೇಲಿನ ಒಂದು ಬಿಂದು. ಅದಕ್ಕೆ ಯಾವ ಕಾಲದಲ್ಲಿ ಯಾವ ಹೆಸರು, ಯಾವ ತಾಲೂಕು ಎಂಬುದು ಸ್ಥಳನಾಮದ ಕೋಷ್ಟಕದಲ್ಲಿರುತ್ತದೆ. ಕ್ಲೋಸ್‌ಪೇಟೆಯೂ ರಾಮನಗರವೂ ಅಲ್ಲಿ ಎರಡು ಸಾಲುಗಳು, ಸ್ಥಳ ಒಂದೇ. ಯಾವ ಸಂಪುಟದ ಯಾವ ಆವೃತ್ತಿಯಲ್ಲಿ ಯಾವ ಸಂಖ್ಯೆ ಎಂಬುದು ಪ್ರಕಟಣೆಯ ಕೋಷ್ಟಕದ ವಿಷಯ. ದಾನಿ, ಪ್ರತಿಗ್ರಾಹಿ, ಸಾಕ್ಷಿ, ಶಾಸನವನ್ನು ಕೊರೆದವನು ಇವರೆಲ್ಲ ಪಾತ್ರದ ಕೋಷ್ಟಕದ ಮೂಲಕ ಶಾಸನದೊಡನೆ ಕೂಡುತ್ತಾರೆ. ಶಾಸನವು ಮೊದಲು ಕಂಡುಬಂದ ಸ್ಥಳವನ್ನೂ ಅದು ಈಗ ಇರುವ ಸ್ಥಳವನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ರಸ್ತೆಗಳು ಅಗಲವಾಗುತ್ತಿರುವ, ಬಂಡೆಗಳು ಒಡೆಯಲ್ಪಡುತ್ತಿರುವ ಈ ಸೀಮೆಯಲ್ಲಿ ಕಲ್ಲುಗಳೂ ಊರು ಬಿಡುತ್ತಿವೆ.

೫

ಇನ್ನು ಕೋಶದ ಸೃಷ್ಟಿಯ ವಿಷಯ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ೧೯೮೬ರಲ್ಲಿ ಆರಂಭವಾದ ಸಂಶೋಧನೆಯಿಂದ ಬೆಳೆದುಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುತ್ತದೆ. ಬಡ ಕಾಲೇಜಿನ ಹಳೆಯ ಯಂತ್ರದಲ್ಲಿಯೂ ಅದನ್ನು ನಡೆಸಬಹುದು. ಆಜ್ಞಾಪಂಕ್ತಿಯಲ್ಲಿ ‘ಕ್ರಿಯೇಟ್‌ಡಿಬಿ’ ಎಂದು ಬರೆದು, ತೆರಪು ಬಿಟ್ಟು, ಕೋಶದ ಹೆಸರನ್ನು ಬರೆದರೆ ಹೊಸ ಕೋಶವು ಸಿದ್ಧವಾಗುತ್ತದೆ. ಕೆಲಸ ಸಫಲವಾದರೆ ಯಂತ್ರವು ಏನನ್ನೂ ನುಡಿಯುವುದಿಲ್ಲ. ವಿಫಲವಾದರೆ ಮಾತ್ರ ಕಾರಣವನ್ನು ಹೇಳುತ್ತದೆ. ಆದರೆ ಆ ಮೌನದ ಹಿಂದೆ ಕೆಲವು ನಿರ್ಣಯಗಳು ನಡೆದುಹೋಗಿರುತ್ತವೆ. ನಾವು ಬೇರೆ ಹೇಳದಿದ್ದರೆ ಯಂತ್ರವು ಮೊದಲೇ ಇರುವ ಒಂದು ಮಾದರಿಕೋಶವನ್ನು ನಕಲುಮಾಡಿ ಅದರ ಲಿಪಿಸಂಕೇತವನ್ನೂ ಅಕ್ಷರಕ್ರಮವನ್ನೂ ಹೊಸ ಕೋಶಕ್ಕೆ ಕೊಡುತ್ತದೆ. ಲಿಪಿಸಂಕೇತವನ್ನು ಆಮೇಲೆ ಬದಲಿಸಲಾಗದು. ಬೇಕಾದಲ್ಲಿ ಹೊಸ ಕೋಶವನ್ನೇ ಕಟ್ಟಿ ವಿಷಯವನ್ನೆಲ್ಲ ಸಾಗಿಸಬೇಕು.

ಕನ್ನಡಿಗರಿಗೆ ಈ ಎರಡು ನಿರ್ಣಯಗಳೂ ಗಹನವಾದುವು. ಲಿಪಿಸಂಕೇತವು ಯೂನಿಕೋಡಿನ ಯುಟಿಎಫ್-೮ ಆಗಿರಬೇಕು. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠಗಳನ್ನು ಪರಿವರ್ತಿಸಿಯೇ ಒಳಗೆ ಸೇರಿಸಬೇಕು. ಪರಿವರ್ತನೆಯಲ್ಲಿಯೂ ಎಚ್ಚರಿಕೆ ಅಗತ್ಯ. ‘ಕೋಡಿಹಳ್ಳಿ’ಯ ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಹೆಸರನ್ನು ಏಕರೂಪಕ್ಕೆ ತಂದಲ್ಲದೆ ಸ್ವೀಕರಿಸಬಾರದೆಂದು ಕೋಷ್ಟಕದ ನಿಯಮದಲ್ಲಿಯೇ ವಿಧಿಸಬಹುದು; ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ೨೦೨೦ರ ಆವೃತ್ತಿಯಿಂದ ಈಚೆಗೆ ಇದಕ್ಕೆ ಅವಕಾಶವಿದೆ. ಅಕ್ಷರಕ್ರಮದ ಮಾತೂ ಇಂತಹುದೇ. ಹಳಗನ್ನಡ ಶಾಸನಗಳಲ್ಲಿ ಕಾಣುವ ‘ೞ’ಕಾರಕ್ಕೆ ಯೂನಿಕೋಡಿನಲ್ಲಿ ಸಿಕ್ಕಿರುವ ಸ್ಥಾನವು ‘ಹ’ಕಾರವನ್ನೂ ಸ್ವರಚಿಹ್ನೆಗಳನ್ನೂ ದಾಟಿ ಬಹಳ ಹಿಂದೆ ಇದೆ. ಸಂಕೇತದ ಕ್ರಮವನ್ನೇ ಅನುಸರಿಸಿದರೆ ‘ೞ’ಕಾರವುಳ್ಳ ಹೆಸರುಗಳು ಪಟ್ಟಿಯ ಕೊನೆಗೆ ತಳ್ಳಲ್ಪಡುತ್ತವೆ. ಕನ್ನಡದ ಅಕ್ಷರಕ್ರಮವನ್ನು ಕೋಶಕ್ಕೆಲ್ಲ ಅನ್ವಯವಾಗುವಂತೆ ಸೃಷ್ಟಿಕಾಲದಲ್ಲಿಯೇ ಗೊತ್ತುಮಾಡುವ ಸೌಲಭ್ಯವು ೨೦೨೨ರ ಆವೃತ್ತಿಯಿಂದ ದೊರೆತಿದೆ. ಇವು ಯಂತ್ರಜ್ಞನಿಗೆ ತೋಚದ ಪ್ರಶ್ನೆಗಳು. ‘ೞ’ಕಾರದ ಪರಿಚಯವುಳ್ಳವನು ಮಾತ್ರ ಇವನ್ನು ಕೇಳಬಲ್ಲನು.

ಕೋಶವಾದ ಮೇಲೆ ‘ಕ್ರಿಯೇಟ್ ಟೇಬಲ್’ ಎಂಬ ಆಜ್ಞೆಯಿಂದ ಕೋಷ್ಟಕಗಳನ್ನು ರಚಿಸಿ, ಕೀಲಿಗಳನ್ನೂ ನಿಯಮಗಳನ್ನೂ ನಮೂದಿಸಬೇಕು. ಆಗ ದೊರೆಯುವ ಮುಖ್ಯ ಲಾಭವು ಯಂತ್ರದ ನಿರಾಕರಣೆ. ಸ್ಥಳದ ಕೋಷ್ಟಕದಲ್ಲಿಲ್ಲದ ಊರಿಗೆ ಶಾಸನವೊಂದನ್ನು ಸೇರಿಸಹೊರಟರೆ, ಅನ್ಯಕೀಲಿಯ ನಿಯಮವು ಭಂಗವಾಯಿತೆಂದು ಹೇಳಿ ಅದು ತಡೆಯುತ್ತದೆ. ‘ಇದು ಯಾವ ಕೋಡಿಹಳ್ಳಿ?’ ಎಂದು ನಾವು ನಿಂತು ಯೋಚಿಸಲೇಬೇಕಾಗುತ್ತದೆ. ಎಲ್ಲ ತಂತ್ರಾಂಶಗಳೂ ಇಷ್ಟು ಕಟ್ಟುನಿಟ್ಟಲ್ಲವೆಂಬುದನ್ನೂ ಹೇಳಬೇಕು. ಸುಲಭವೆಂದು ಪ್ರಸಿದ್ಧವಾದ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶದಲ್ಲಿ ಅನ್ಯಕೀಲಿಯ ತಪಾಸಣೆಯನ್ನು ಸಾಮಾನ್ಯವಾಗಿ ಪ್ರತಿಸಲವೂ ನಾವೇ ಜಾರಿಗೆ ತರಬೇಕು; ಮರೆತರೆ ನಿಯಮವು ಕಾಗದದ ಮೇಲಷ್ಟೇ ಉಳಿಯುತ್ತದೆ. ಕೋಶದ ಹೆಸರನ್ನು ತಪ್ಪಾಗಿ ಬರೆದರೂ ಅದು ಆಕ್ಷೇಪಿಸದೆ ಬರಿದಾದ ಹೊಸ ಕೋಶವನ್ನು ತೆರೆಯುತ್ತದೆ.

ಇದೇ ಕೆಲಸವನ್ನು ಗುಂಡಿಗಳನ್ನೊತ್ತಿ ಮಾಡಬಾರದೇಕೆ ಎಂದು ಕೇಳಬಹುದು. ಮಾಡಬಹುದು, ಆದರೆ ಒತ್ತಿದ ಗುಂಡಿಗಳ ನೆನಪು ಉಳಿಯುವುದಿಲ್ಲ. ಆಜ್ಞೆಗಳಾದರೋ ಅಕ್ಷರಗಳು. ಅವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಓದಬಹುದು, ತಿದ್ದಬಹುದು, ಅಚ್ಚುಹಾಕಿಸಬಹುದು, ಬೇರೊಂದು ಕಾಲೇಜಿನ ಯಂತ್ರದಲ್ಲಿ ಅದೇ ಕೋಶವನ್ನು ಮತ್ತೆ ಕಟ್ಟಬಹುದು. ಗ್ರಂಥಸಂಪಾದಕನು ತಾನು ಯಾವ ಪ್ರತಿಗಳನ್ನು ಬಳಸಿದೆ, ಯಾವ ಪಾಠವನ್ನು ಏಕೆ ಸ್ವೀಕರಿಸಿದೆ ಎಂಬುದನ್ನು ಪೀಠಿಕೆಯಲ್ಲಿ ನಿವೇದಿಸುತ್ತಾನಷ್ಟೆ. ಕೋಶದ ಸೃಷ್ಟಿಗೆ ಬರೆದ ಆಜ್ಞೆಗಳು ಆ ಪೀಠಿಕೆಯ ಸ್ಥಾನದಲ್ಲಿ ನಿಲ್ಲತಕ್ಕವು.

೬

ಈ ವಿಧಾನದ ಮಿತಿಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲನೆಯದು ಕಾಲದ ಪ್ರಶ್ನೆ. ಕೋಷ್ಟಕದ ದಿನಾಂಕದ ಮನೆಯು ವರ್ಷ, ತಿಂಗಳು, ದಿನಗಳನ್ನು ಖಚಿತವಾಗಿ ಕೇಳುತ್ತದೆ. ಶಾಸನವು ಕೆಲವು ಸಲ ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನಷ್ಟೇ ಹೇಳುತ್ತದೆ. ಅದು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಶಕವರ್ಷವಿದ್ದರೂ ೭೮ನ್ನು ಕೂಡಿಸಬೇಕೆ ೭೯ನ್ನು ಕೂಡಿಸಬೇಕೆ ಎಂಬುದು ಮಾಸವನ್ನೂ, ಗತವರ್ಷವೋ ವರ್ತಮಾನವರ್ಷವೋ ಎಂಬ ನಿರ್ಣಯವನ್ನೂ ಅವಲಂಬಿಸಿದೆ. ಆದಕಾರಣ ಶಾಸನದ ಮಾತು ಒಂದು ಮನೆಯಲ್ಲಿ, ಸಂಪಾದಕನ ಗಣನೆ ಮತ್ತೊಂದರಲ್ಲಿ, ಗಣನೆ ಯಾರದೆಂಬುದು ಮೂರನೆಯದರಲ್ಲಿ ಇರಬೇಕು. ಲಿಪಿಯ ಆಧಾರದಿಂದ ಶತಮಾನವನ್ನಷ್ಟೇ ಊಹಿಸಬಹುದಾದ ವೀರಗಲ್ಲಿಗೆ ಒಂದು ದಿನಾಂಕವನ್ನು ಬಲಾತ್ಕಾರವಾಗಿ ಕೊಡುವುದು ಸುಳ್ಳುಸಾಕ್ಷ್ಯವನ್ನು ಸೃಷ್ಟಿಸಿದಂತೆ.

ಎರಡನೆಯದು ಶೂನ್ಯದ ಪ್ರಶ್ನೆ. ಬರಿದಾದ ಮನೆಗೆ ಯಂತ್ರದಲ್ಲಿ ‘ನಲ್’ ಎಂಬ ಒಂದೇ ಗುರುತುಂಟು. ಶಾಸನತಜ್ಞನಿಗೆ ಬರಿದು ಹಲವು ಬಗೆಯದು. ದಾನಿಯ ಹೆಸರಿದ್ದ ಭಾಗವು ಒಡೆದುಹೋಗಿರಬಹುದು. ಶಾಸನವು ಆ ಹೆಸರನ್ನು ಹೇಳದೆಯೇ ಇದ್ದಿರಬಹುದು. ಅದು ದಾನಶಾಸನವೇ ಅಲ್ಲದಿರಬಹುದು. ನಾವು ಇನ್ನೂ ಓದಿಲ್ಲದಿರಬಹುದು. ಇವೆಲ್ಲವನ್ನೂ ಒಂದೇ ಶೂನ್ಯದಲ್ಲಿ ಮುಳುಗಿಸಿದರೆ, ಮುರಿದ ಕಲ್ಲು ಮೌನದ ಕಲ್ಲಾಗುತ್ತದೆ. ಕಾಡ್ ಅವರೇ ೧೯೯೦ರ ತಮ್ಮ ಗ್ರಂಥದಲ್ಲಿ, ಇರಬೇಕಾಗಿದ್ದು ತಿಳಿಯದೆಹೋದುದಕ್ಕೂ ಅನ್ವಯವೇ ಆಗದುದಕ್ಕೂ ಎರಡು ಬೇರೆ ಗುರುತುಗಳಿರಬೇಕೆಂದು ಸೂಚಿಸಿದರು. ಬಳಕೆಯ ತಂತ್ರಾಂಶಗಳು ಅದನ್ನು ಅಂಗೀಕರಿಸಲಿಲ್ಲ. ಆದ್ದರಿಂದ ಪ್ರತಿಯೊಂದು ಮುಖ್ಯ ಮನೆಯ ಪಕ್ಕದಲ್ಲಿ ‘ಸ್ಥಿತಿ’ ಎಂಬ ಮತ್ತೊಂದು ಮನೆಯನ್ನಿಟ್ಟು ಕಾರಣವನ್ನು ನಾವೇ ನಮೂದಿಸಬೇಕು. ಶ್ರಮ ಹೆಚ್ಚು, ಬಿಟ್ಟರೆ ನಷ್ಟ ಅದಕ್ಕಿಂತ ಹೆಚ್ಚು.

ಮೂರನೆಯದಾಗಿ, ಕೋಶವು ಶಾಸನಕ್ಕೆ ಬದಲಿಯಲ್ಲ. ಪಾಠದ ಓಟ, ಲಿಪಿಯ ರೂಪ, ಕಲ್ಲಿನ ಮೇಲಣ ಶಿಲ್ಪ ಇವು ಮನೆಗಳಲ್ಲಿ ಅಡಗುವಂಥವಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಈಚಿನ ವರ್ಷಗಳಲ್ಲಿ ಶಾಸನಶಿಲೆಗಳ ಮೂರು ಆಯಾಮದ ಪ್ರತಿರೂಪಗಳನ್ನು ಸಂಗ್ರಹಿಸುತ್ತಿರುವುದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವ ಕಾರ್ಯ. ಕೋಶದ ಸಾಲು ಅಂತಹ ಪ್ರತಿರೂಪದ ಕಡೆಗೂ, ಕಲ್ಲಿನ ಕಡೆಗೂ ಕೈತೋರುವಂತಿದ್ದರೆ ಸಾಕು.

೭

ಆಜ್ಞೆಗಳ ಭಾಷೆ ಇಂಗ್ಲಿಷಾದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದು ಕಷ್ಟವಾಗುವುದೆಂಬ ಆಕ್ಷೇಪವನ್ನು ಕೇಳಿದ್ದೇನೆ. ಆರಂಭಕ್ಕೆ ಬೇಕಾದ ಪದಗಳು ಎರಡು ಡಜನ್ನನ್ನು ಮೀರುವುದಿಲ್ಲ. ಕೋಷ್ಟಕಗಳಿಗೂ ಮನೆಗಳಿಗೂ ಕನ್ನಡದ ಹೆಸರುಗಳನ್ನೇ ಇಡಬಹುದು. ಹಳಗನ್ನಡದ ಲಿಪಿಯನ್ನೂ, ಈ ಸೀಮೆಯಲ್ಲಿ ಹೇರಳವಾಗಿರುವ ತಮಿಳು ಶಾಸನಗಳ ಲಿಪಿಯನ್ನೂ ಕಲಿಯಲು ಸಿದ್ಧನಾದ ವಿದ್ಯಾರ್ಥಿಗೆ ಇದು ಭಾರವಾಗಲಾರದು. ನಿಜವಾಗಿ ಕಷ್ಟವಾದುದು ಆಜ್ಞೆಯನ್ನು ಬರೆಯುವುದಕ್ಕೆ ಮುಂಚಿನ ವಿಚಾರ: ಯಾವುದು ಸ್ಥಳ, ಯಾವುದು ಹೆಸರು, ಯಾವುದು ಶಾಸನದ ಮಾತು, ಯಾವುದು ನಮ್ಮ ಊಹೆ. ಆ ವಿಚಾರವು ಇತಿಹಾಸದ ಅಧ್ಯಯನವೇ ಆಗಿದೆ.

ಹೀಗಿರುವಲ್ಲಿ ನಮ್ಮ ವಿಭಾಗಗಳು ಎರಡು ನಿಯಮಗಳನ್ನು ಅಂಗೀಕರಿಸಬೇಕೆಂದು ಸೂಚಿಸಬಯಸುತ್ತೇನೆ. ದತ್ತಾಂಶಕೋಶವನ್ನು ಆಧರಿಸಿದ ಯಾವ ಪ್ರಬಂಧವೇ ಆಗಲಿ, ಅದರ ಸೃಷ್ಟಿಯ ಆಜ್ಞೆಗಳನ್ನು ಅನುಬಂಧವಾಗಿ ಮುದ್ರಿಸಬೇಕು. ಪರೀಕ್ಷಕರು ಅವನ್ನು ಪಾಠನಿರ್ಣಯದಷ್ಟೇ ನಿಷ್ಠುರವಾಗಿ ಪರಿಶೀಲಿಸಬೇಕು. ಅಲ್ಲದೆ, ಶಾಸನವೊಂದನ್ನು ಕೋಶಕ್ಕೆ ಸೇರಿಸುವವರು ಸಾಧ್ಯವಾದಲ್ಲಿ ಒಮ್ಮೆ ಅದರ ಊರಿಗೆ ಹೋಗಿ, ಕಲ್ಲು ಇನ್ನೂ ಅಲ್ಲಿಯೇ ಇದೆಯೇ ಎಂದು ನೋಡಿಬರಬೇಕು. ನಮ್ಮ ಹಾಳೆಯ ತಪ್ಪನ್ನು ಕಂಡುಹಿಡಿದುದು ಯಂತ್ರವಲ್ಲ, ತನ್ನ ಊರಿನ ಕಲ್ಲನ್ನು ಬಲ್ಲ ಒಬ್ಬ ವಿದ್ಯಾರ್ಥಿನಿ ಎಂಬುದನ್ನು ನಾನು ಮರೆತಿಲ್ಲ.